ಬಾಗಿಲು ತಟ್ಟಿದವರು ಸಿಪಿಎಸ್ ಅಂದರೆ?

[ದೃಶ್ಯ: ಮುಚ್ಚಿದ ಬಾಗಿಲು. ಬೆಲ್ ಸದ್ದು.]

ನಮಸ್ಕಾರ. ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮವರಿಗೆ ಈ ವಿಡಿಯೋ. ಸಿಪಿಎಸ್, ಅಂದರೆ ಅಲ್ಲಿನ ಮಕ್ಕಳ ರಕ್ಷಣೆಯ ಇಲಾಖೆಯವರು, ಮನೆಗೆ ಬಂದರೆ ಏನು ಮಾಡಬೇಕು ಅಂತ ನೋಡೋಣ.

ಡೇಕೇರ್‌ನಲ್ಲಿ ಡೈಪರ್ ಬದಲಿಸುವಾಗ ಟೀಚರ್‌ಗೆ ಮಗುವಿನ ಸೊಂಟದ ಹತ್ತಿರ ನೀಲಿ ಕಲೆ ಕಾಣಿಸಿತು ಅಂದುಕೊಳ್ಳಿ. ನಮ್ಮ ಕೂಸುಗಳಿಗೆ ಹುಟ್ಟಿನಿಂದಲೇ ಇಂಥ ಮಚ್ಚೆ ಇರುವುದು ಮಾಮೂಲಿ. ಬೆಳೆಯುತ್ತಾ ಹೆಚ್ಚಾಗಿ ಮಾಸಿಹೋಗುತ್ತದೆ. ಗೊತ್ತಿಲ್ಲದವರ ಕಣ್ಣಿಗೆ ಮಾತ್ರ ಅದು ಪೆಟ್ಟಿನ ಗುರುತು! ಅನುಮಾನ ಬಂದರೆ ಟೀಚರ್, ಡಾಕ್ಟರ್ ದೂರು ಕೊಡಲೇಬೇಕು ಅಂತ ಕಾನೂನಿದೆ. ಅವರ ಮೇಲೆ ಸಿಟ್ಟಾಗಿ ಏನೂ ಉಪಯೋಗವಿಲ್ಲ.

ಸಂಜೆ ಬೆಲ್ ಆಗುತ್ತದೆ. ಹೊರಗೆ ಸಿಪಿಎಸ್‌ನವರು. ನಾವೇನು ಮಾಡುತ್ತೇವೆ? "ಬನ್ನಿ ಒಳಗೆ, ಕಾಫಿ ಮಾಡ್ಲಾ?" ಭಯಕ್ಕೆ ಅರ್ಧ, ಮರ್ಯಾದೆಗೆ ಅರ್ಧ.

ಸ್ವಲ್ಪ ತಡೀರಿ.

[ದೃಶ್ಯ: ಅರ್ಧ ತೆರೆದ ಬಾಗಿಲು. ಹೊಸ್ತಿಲಲ್ಲಿ ಇಬ್ಬರು.]

ಅವರು ಒಳಗೆ ಬರಬೇಕಾದರೆ ಸಾಮಾನ್ಯವಾಗಿ ನೀವು ಹೂಂ ಅನ್ನಬೇಕು, ಇಲ್ಲವೇ ಕೋರ್ಟಿನ ಆದೇಶ ಇರಬೇಕು. ಮಗುವಿನ ಜೀವಕ್ಕೆ ಆ ಕ್ಷಣಕ್ಕೇ ಅಪಾಯ ಇದ್ದರೆ ಮಾತ್ರ ಎರಡೂ ಬೇಡ. ಸರ್ಕಾರದವರು ಸಕಾರಣವಿಲ್ಲದೆ ಮನೆಗೆ ನುಗ್ಗಿ ಶೋಧಿಸದಂತೆ ತಡೆಯುವ ಅಮೆರಿಕ ಸಂವಿಧಾನದ 4ನೇ ತಿದ್ದುಪಡಿ ಇವರಿಗೂ ಅನ್ವಯಿಸುತ್ತದೆ ಅಂತ ಹಲವು ಕೋರ್ಟುಗಳು ಹೇಳಿವೆ. ಹಾಗಂತ ಬಾಗಿಲು ದಢಾರ್ ಅಂತ ಹಾಕಬೇಡಿ. ಹೊಸ್ತಿಲಲ್ಲೇ ನಿಂತು ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಳ್ಳಿ. ಆಮೇಲೆ ಕೇಳಿ: "ನಮ್ಮ ಮೇಲಿರುವ ಆರೋಪ ಏನು?" ಮೊದಲ ಭೇಟಿಯಲ್ಲೇ ಅದನ್ನು ಹೇಳಬೇಕು ಅಂತ 2003ರಲ್ಲೇ ಕೇಂದ್ರ ಕಾನೂನಿಗೆ ಸೇರಿಸಿದ್ದಾರೆ. ದೂರು ಕೊಟ್ಟವರು ಯಾರು ಅಂತ ಹೇಳುವುದಿಲ್ಲ, ಕೇಳಿ ಸುಸ್ತಾಗಬೇಡಿ.

"ವಕೀಲರ ಜೊತೆ ಮಾತಾಡಿ ಉತ್ತರ ಕೊಡ್ತೀನಿ" ಅನ್ನಬಹುದು. ಅದು ತಪ್ಪೊಪ್ಪಿಗೆ ಅಲ್ಲ. ಟೆಕ್ಸಾಸ್‌ನಲ್ಲಂತೂ 2023ರ ಕಾನೂನಿನ ಪ್ರಕಾರ ತನಿಖೆಗೆ ಬಂದವರೇ ಈ ಹಕ್ಕುಗಳನ್ನು ನಿಮಗೆ ತಿಳಿಸಬೇಕು. ಅಲ್ಲಿ ಮಾತುಕತೆ ರೆಕಾರ್ಡ್ ಮಾಡಿಕೊಳ್ಳುವ ಹಕ್ಕೂ ಇದೆ. ಬೇರೆ ರಾಜ್ಯದಲ್ಲಿ ಫೋನ್ ಆನ್ ಮಾಡುವ ಮೊದಲು ಅಲ್ಲಿನ ನಿಯಮ ನೋಡಿ.

ಒಂದು ಕಹಿ ವಿಷಯ. ಎಷ್ಟೋ ರಾಜ್ಯಗಳಲ್ಲಿ ನಿಮ್ಮನ್ನು ಕೇಳದೆಯೇ ಶಾಲೆಯಲ್ಲಿ ಮಗುವನ್ನು ಮಾತಾಡಿಸುತ್ತಾರೆ. ನೀವು ಒಳಗೆ ಬಿಡದಿದ್ದರೆ ಕೋರ್ಟಿಗೂ ಹೋಗಬಹುದು. ಅದಕ್ಕೇ ಸುಮ್ನೆ ಹಟ ಹಿಡಿಯುವುದಕ್ಕಿಂತ ವಕೀಲರ ಮೂಲಕ ಸಹಕರಿಸುವುದು ಮೇಲು ಅಂತ ನನ್ನ ಅಭಿಪ್ರಾಯ.

[ದೃಶ್ಯ: ಮೇಜಿನ ಮೇಲೆ ಒಂದು ಫಾರ್ಮ್, ಪೆನ್ನು.]

'ಸೇಫ್ಟಿ ಪ್ಲ್ಯಾನ್' ಅಂತ ಕಾಗದ ಮುಂದಿಡಬಹುದು. ಅಪ್ಪ ಮನೆ ಬಿಟ್ಟಿರಬೇಕು, ಮಗು ಬೇರೆಯವರ ಹತ್ತಿರ ಇರಬೇಕು ಅಂತೆಲ್ಲ ಅದರಲ್ಲಿ ಇರಬಹುದು. ಓದದೆ ಸಹಿ ಹಾಕಬೇಡಿ.

ಊರಿಂದ ಬಂದ ಅಜ್ಜಿ ಮನೆಯಲ್ಲಿದ್ದಾರಾ? ಹಾಗಿದ್ದರೆ ಅವರನ್ನೂ ಪ್ರಶ್ನೆ ಕೇಳಬಹುದು. "ತುಂಟತನ ಮಾಡಿದ್ರೆ ಚರ್ಮ ಸುಲೀತೀನಿ ಅಂತೀನಿ" ಅಂತ ಅಜ್ಜಿ ನಗುತ್ತಾ ಹೇಳಿದ್ದು ಇಂಗ್ಲಿಷಿನಲ್ಲಿ ಹೇಗಿರುತ್ತದೆ, ಯೋಚಿಸಿ! ಕನ್ನಡದ ದುಭಾಷಿ ಬೇಕು ಅಂತ ಕೇಳಿ. ಮೊಮ್ಮಗನ ಕೈಲಿ ಅನುವಾದ ಮಾಡಿಸಬೇಡಿ.

ಇನ್ನು ಆ ನೀಲಿ ಮಚ್ಚೆ. ಮಕ್ಕಳ ಡಾಕ್ಟರ್ ಹತ್ತಿರ ಮೊದಲ ಸಲ ಹೋದಾಗಲೇ ತೋರಿಸಿ, ದಾಖಲೆಯಲ್ಲಿ ಬರೆಸಿ. ತಾರೀಖು ಸಮೇತ ಫೋಟೋ ಇಟ್ಟುಕೊಳ್ಳಿ. ಡೇಕೇರ್‌ಗೆ ಸೇರಿಸುವ ದಿನವೇ ಒಂದು ಪ್ರತಿ ಕೊಟ್ಟುಬಿಡಿ.