ಎರಡು ಟ್ಯೂಬ್, ಒಂಬತ್ತು ಹೆಸರು

ಇವತ್ತು ಟೇಬಲ್ ಮೇಲೆ ವಾಟರ್‌ಕಲರ್ ಟ್ಯೂಬ್ ಎರಡೇ: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಅನ್ನೋ ಕಂದು. ಇವೆರಡನ್ನೇ ಬೆರೆಸಿ ಒಂಬತ್ತು ಬಣ್ಣ ಮಾಡಿ, ಒಂದೊಂದಕ್ಕೂ ಹೆಸರಿಡೋದು ಕೆಲಸ. ಕೊಳ್ಳುವಾಗ ಟ್ಯೂಬ್ ಮೇಲೆ ಸಣ್ಣಕ್ಷರದಲ್ಲಿರೋ ಬಣ್ಣದ ಪುಡಿಯ ಕೋಡ್ ನೋಡಿ. ನೀಲಿ ಪಿಬಿ29, ಕಂದು ಪಿಬಿಆರ್7. ಕೆಲವು ಸಿಯೆನ್ನಾದಲ್ಲಿ ಪಿಆರ್101 ಇರುತ್ತೆ. ಅದೂ ನಡೆಯುತ್ತೆ, ಎರಡೂ ಬೆರೆತು ಬೂದು ಬರೋ ಜಾಗ ಒಂಚೂರು ಆಚೀಚೆ ಆಗುತ್ತೆ ಅಷ್ಟೇ.

ಎರಡನ್ನೂ ಬೇರೆ ಬೇರೆ ಬಟ್ಟಲಲ್ಲಿ ಹಾಲಿನಷ್ಟು ತೆಳ್ಳಗೆ ಕಲಸಿ. 300 ಜಿಎಸ್‌ಎಂ ದಪ್ಪ ಕಾಗದದ ಮೇಲೆ 3 ಸೆಂಟಿಮೀಟರಿನ ಒಂಬತ್ತು ಚೌಕ. ಒಂದೊಂದಕ್ಕೂ ಡ್ರಾಪರ್‌ನಿಂದ ಒಟ್ಟು 8 ಹನಿ, ಪ್ಯಾಲೆಟ್‌ನಲ್ಲಿ ಬೆರೆಸಿ ಹಚ್ಚೋದು. ಮೊದಲನೇದಕ್ಕೆ ಬರೀ ನೀಲಿ, ಎರಡನೇದಕ್ಕೆ 7 ನೀಲಿ 1 ಕಂದು, ಹೀಗೇ ಇಳೀತಾ ಕೊನೇದು ಬರೀ ಕಂದು. ಪ್ರತಿ ಸಲ ಹನಿ ಎತ್ತೋ ಮುಂಚೆ ಬಟ್ಟಲು ಕಲಕಲೇಬೇಕು. ಬಣ್ಣದ ಪುಡಿ ತಳಕ್ಕೆ ಕೂತರೆ ಹನಿ ಲೆಕ್ಕ ಸರಿ ಇದ್ದೂ ಬಣ್ಣ ತಪ್ಪುತ್ತೆ. ಪೂರ್ತಿ ಒಣಗೋವರೆಗೂ ಹೆಸರಿಡಬೇಡಿ. ಹಸಿಯಲ್ಲಿ ಕಂಡಿದ್ದಕ್ಕಿಂತ ಒಣಗಿದ್ದು ತಿಳಿ.

ಟ್ಯೂಬ್‌ಲೈಟ್ ಆರಿಸಿ, ಬಿಸಿಲು ನೇರ ಬೀಳದ ಕಿಟಕಿ ಹತ್ತಿರ ಕೂತ್ಕೊಳ್ಳಿ. ಬಿಳಿ ಕಾರ್ಡಿನಲ್ಲಿ 2 ಸೆಂಟಿಮೀಟರಿನ ತೂತು ಮಾಡಿ, ಒಂದು ಸಲಕ್ಕೆ ಒಂದೇ ಚೌಕ ನೋಡಿ. ಕಂದಿನ ಪಕ್ಕದಲ್ಲಿ ಯಾವ ಬೂದಾದ್ರೂ ನೀಲಿಯಾಗೇ ಕಾಣುತ್ತೆ.

ಈಗ ಹೆಸರು. ವಸ್ತು ಒಂದು, ಅದರ ಸ್ಥಿತಿ ಒಂದು, ಎರಡೂ ಬೇಕು. ಬರೀ ಕಡಪಾ ಕಲ್ಲು ಅಂದ್ರೆ ಸಾಲದು. ಒಣ ಕಡಪಾ ಬೇರೆ, ಈಗಷ್ಟೇ ನೀರು ಹಾಕಿ ತೊಳೆದ ಕಡಪಾ ಬೇರೆ. ಕಂದಿನ ತುದಿಗೆ ಹೊಸ ಮಂಗಳೂರು ಹೆಂಚು, ಅದರ ಹಿಂದಿನ ಚೌಕಕ್ಕೆ ಮಳೆಯಲ್ಲಿ ನೆನೆದ ಹೆಂಚು. ಪಾರಿವಾಳದ ಕತ್ತು ಬೇಡ, ಅಲ್ಲಿ ಹಸಿರು ನೇರಳೆ ಎರಡೂ ಮಿಂಚುತ್ತೆ, ರೆಕ್ಕೆ ಆಗಬಹುದು. ವಿಷಾದ, ಮೌನ ಇಂಥವಂತೂ ಬೇಡವೇ ಬೇಡ, ಒಂಬತ್ತು ಚೌಕಕ್ಕೂ ಹೊಂದಿಬಿಡುತ್ತೆ! ಸೀರೆ ಅಂಗಡಿಯವರು ಇದರಲ್ಲಿ ಪಳಗಿದವರು. ರಾಮಾ ಗ್ರೀನ್, ಎಂ.ಎಸ್. ಬ್ಲೂ ಅಂದ್ರೆ ಸಾಕು, ಕೈ ಸೀದಾ ಆ ಬಣ್ಣಕ್ಕೇ ಹೋಗುತ್ತೆ.

ಹೆಸರು ಹೊಳೀತಿಲ್ವಾ? ಎಡಿನ್‌ಬರೋದ ಹೂವಿನ ಚಿತ್ರಕಾರ ಪ್ಯಾಟ್ರಿಕ್ ಸೈಮ್ 1814ರಲ್ಲಿ ತಂದ ಬಣ್ಣಗಳ ಪಟ್ಟಿಯಲ್ಲಿ ಪ್ರಾಣಿ, ಸಸ್ಯ, ಖನಿಜ ಅಂತ ಮೂರು ಕಾಲಂ ಇದೆ. ಪ್ರಷ್ಯನ್ ನೀಲಿಗೆ ಪ್ರಾಣಿಯ ಕಾಲಂನಲ್ಲಿ ಗಂಡು ಬಾತುಕೋಳಿ ರೆಕ್ಕೆ ಮೇಲಿನ ಮಚ್ಚೆ. ಬೀಗಲ್ ಹಡಗಿನಲ್ಲಿ ಡಾರ್ವಿನ್ ಬಣ್ಣ ಗುರುತು ಹಾಕಿಕೊಂಡಿದ್ದೂ ಈ ಪಟ್ಟಿಯಿಂದಲೇ. ನಿಮ್ಮ ಚೌಕಕ್ಕೂ ಮೂರು ಕಾಲಂ ತುಂಬಿಸಿ ನೋಡಿ, ಒಂದಾದ್ರೂ ಗಟ್ಟಿ ಸಿಗುತ್ತೆ.

ಆಮೇಲೆ ಪರೀಕ್ಷೆ. ಒಂಬತ್ತು ಹೆಸರನ್ನೂ ಚೀಟಿಯಲ್ಲಿ ಬರೆದು, ಕಲೆಸಿ, ಮನೆಯಲ್ಲಿ ಬೇರೆಯವರ ಕೈಗೆ ಕೊಡಿ. ಯಾವ ಚೀಟಿ ಯಾವ ಚೌಕಕ್ಕೆ ಅಂತ ಅವರೇ ಇಡಲಿ, ನೀವು ಬಾಯಿ ಬಿಡೋ ಹಾಗಿಲ್ಲ. ಎರಡು ತುದಿಯಲ್ಲಿ ಸಾಮಾನ್ಯವಾಗಿ ತಪ್ಪಾಗಲ್ಲ. ಅದಲುಬದಲಾಗೋದು ನಡುವಿನ ಮೂರು ನಾಲ್ಕು. ಅಲ್ಲಿ ವಸ್ತು ಬದಲಾಯಿಸೋ ಮುಂಚೆ ಸ್ಥಿತಿ ಬದಲಾಯಿಸಿ ನೋಡಿ: ಸೌದೆಬೂದಿ ಹೋಗಿ ಒದ್ದೆ ಸೌದೆಬೂದಿ. ಪರೀಕ್ಷೆಯಲ್ಲಿ ಗೆದ್ದ ಹೆಸರಿನ ಚೀಟಿ ಹಿಂದೆ 5:3, 4:4 ಅಂತ ಹನಿ ಲೆಕ್ಕ ಬರೆದಿಡಿ. ಮುಂದಿನ ಸಲ ಪ್ಯಾಲೆಟ್‌ಗೆ ಬೇಕಾಗೋದು ಅದೇ.