ಮಾರ್ದನಿಗೂ ತಾಳ ಬೇಕು

ಕೇಳುಗರಿಗೆ ನಮಸ್ಕಾರ. ಶಾಸ್ತ್ರೀಯ ವಾದ್ಯವೃಂದಕ್ಕೆ ಎಲೆಕ್ಟ್ರಾನಿಕ್ ಎಫೆಕ್ಟ್ ಯಾಕಪ್ಪಾ ಅಂತ ಹಾಸನದಲ್ಲಿ ಹೋದಲ್ಲೆಲ್ಲ ನನ್ನನ್ನು ಹಿಡಿದು ಕೇಳುತ್ತಾರೆ. ಬೇಕೋ ಬೇಡವೋ ಆಮೇಲೆ. ಹಾಕಿದರೆ ಅದಕ್ಕೆ ತಾಳ ಗೊತ್ತಿರಬೇಕು. ಇವತ್ತು ನಾನು ಹೇಳುವುದು ಅಷ್ಟೇ.

ಇದೇನೂ ನಿನ್ನೆ ಮೊನ್ನೆಯ ಹುಚ್ಚಲ್ಲ. ಇಟಲಿಯ ಸಂಗೀತ ಸಂಯೋಜಕ ರೆಸ್ಪಿಗಿ 1924ರಲ್ಲೇ 'ಪೈನ್ಸ್ ಆಫ್ ರೋಮ್' ಕೃತಿಯಲ್ಲಿ ಆರ್ಕೆಸ್ಟ್ರಾ ಜೊತೆಗೆ ಗ್ರಾಮಫೋನಿಂದ ಹಕ್ಕಿಯ ಹಾಡು ಕೇಳಿಸಿದ್ದರು. ನಮ್ಮಲ್ಲಿ ಎಲೆಕ್ಟ್ರಾನಿಕ್ ತಂಬೂರಿಗೆ ಶ್ರುತಿ ಸೇರಿಸಿ ಹಾಡುವವರೇ 'ಸಂಗೀತ ಕೆಟ್ಟುಹೋಯ್ತು' ಅಂತಾರೆ, ನಗು ಬರುತ್ತೆ.

ಎಫೆಕ್ಟ್‌ಗಳಲ್ಲಿ ಜಾಸ್ತಿ ಬಳಸುವುದು ಡಿಲೇ. ಗುಡ್ಡದ ಎದುರು ನಿಂತು ಕೂಗಿದರೆ ವಾಪಸ್ ಬರುತ್ತಲ್ಲ, ಅದೇ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ಗುಡ್ಡ 85 ಮೀಟರ್ ದೂರ ಇದ್ದರೆ ಅರ್ಧ ಸೆಕೆಂಡಿಗೆ ವಾಪಸ್. ಯಂತ್ರದೊಳಗೆ ಆ ಗುಡ್ಡವನ್ನು ನಾವೇ ಹಿಂದೆ ಮುಂದೆ ಸರಿಸಬಹುದು.

ಒಮ್ಮೆ ನಾನು ಸರಿಸಲು ಮರೆತೆ. ಎಂಟು ಪಿಟೀಲು, ಒಂದು ಚೆಲ್ಲೋ, ವೀಣೆ, ಮೃದಂಗ. ಮೃದಂಗದ ಮೇಷ್ಟ್ರು ವಾದ್ಯದ ಎಡಮುಖಕ್ಕೆ ರವೆ ಮೆತ್ತುತ್ತಾ 'ನಿಮ್ಮ ಡಬ್ಬ ನನ್ನ ತಂಟೆಗೆ ಬರದಿದ್ದರೆ ಸಾಕು' ಅಂದಿದ್ದರು. ಆದಿತಾಳ, ನಿಮಿಷಕ್ಕೆ 60 ಅಕ್ಷರ, ಅಂದರೆ ತಾಳದ 60 ಎಣಿಕೆ. ಡಿಲೇ ಅರ್ಧ ಸೆಕೆಂಡ್ ಇಟ್ಟಿದ್ದೆ. ಪ್ರತಿ ಪೆಟ್ಟಿನ ಮಾರ್ದನಿಯೂ ಅರ್ಧ ಅಕ್ಷರಕ್ಕೆ ಸರಿಯಾಗಿ ಕೂರುತ್ತಿತ್ತು, ಎರಡನೇ ಮೃದಂಗ ಇದ್ದ ಹಾಗೆ, ಆಹಾ! ಆಮೇಲೆ ಎಲ್ಲರೂ ಕಾಲ ಏರಿಸಿದರು, 60 ಹೋಗಿ 72. ಅರ್ಧ ಅಕ್ಷರ ಈಗ 417 ಮಿಲಿಸೆಕೆಂಡ್, ನನ್ನ ಡಬ್ಬ ಮಾತ್ರ 500ಕ್ಕೇ ಅಂಟಿಕೊಂಡು ಕೂತಿದೆ. ಪಿಟೀಲಿನವರು ಯಾವ ಪೆಟ್ಟು ನಂಬಬೇಕು? ನಾಲ್ವರು ಮೇಷ್ಟ್ರನ್ನು ಹಿಡಿದರು, ನಾಲ್ವರು ಮಾರ್ದನಿಯನ್ನು ಹಿಡಿದರು. ರುದ್ರಪಟ್ಟಣದಂಥ ಸಂಗೀತದ ಊರಿರುವ ಜಿಲ್ಲೆ ಸ್ವಾಮಿ ಇದು, ಮುಂದಿನ ಸಾಲಿನ ಅಜ್ಜಂದಿರು ಜೋರಾಗಿ ತೊಡೆ ತಟ್ಟಿ ನನಗೇ ತಾಳ ತೋರಿಸತೊಡಗಿದರು. ಮೇಷ್ಟ್ರು ಕೈ ಎತ್ತಿ ಸುಮ್ನೆ ಕೂತರು. ಮೃದಂಗ ನಿಂತ ಮೇಲೂ ಡಬ್ಬ ಇನ್ನೆರಡು ಸಲ 'ತೋಂ, ತೋಂ' ಅಂತು.

ಈಗ ಮಿಕ್ಸರ್ ಪಕ್ಕ ಮೇಷ್ಟ್ರ ಶಿಷ್ಯೆಯನ್ನೇ ಕೂರಿಸುತ್ತೇನೆ. ಡಿಲೇಯಲ್ಲಿ ಟ್ಯಾಪ್ ಅಂತ ಒಂದು ಗುಂಡಿ ಇರುತ್ತೆ, ತಾಳಕ್ಕೆ ಸರಿಯಾಗಿ ಒತ್ತಿದರೆ ಮಾರ್ದನಿಯೂ ಅದೇ ಕಾಲಕ್ಕೆ ಬರುತ್ತೆ. ಹೈಸ್ಕೂಲ್ ಹುಡುಗಿ. ಯಂತ್ರದ ಬಗ್ಗೆ ಏನೂ ಗೊತ್ತಿಲ್ಲ, ತಾಳ ಗೊತ್ತು, ಸಾಕು.

ವೀಣೆಗೆ ಯಾವ ಮೈಕ್, ಚೆಲ್ಲೋಗೆ ರಿವರ್ಬ್, ಅಂದರೆ ದೊಡ್ಡ ಹಾಲ್‌ನಲ್ಲಿ ಉಳಿಯುವಂಥ ಗುಂಯ್ ಅನ್ನೋ ಅನುರಣನ, ಎಷ್ಟು ಅಂತೆಲ್ಲ ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ರಿವರ್ಬ್ ಕಮ್ಮಿ ಇಡಿ. ನಮಸ್ಕಾರ.