ಈಸಕ್ಕಿಯ ಲೆಕ್ಕ: ಸಾಹಿತ್ಯದ ಪಾಠವೂ ವಿದ್ಯಾರ್ಥಿಯ ಮುಂದಿನ ಕೆಲಸವೂ

ಅಧ್ಯಾಪಕ ಮಿತ್ರರೇ,

ಬಿ.ಕಾಂ. ಮೊದಲ ವರ್ಷದ ಕನ್ನಡ ತರಗತಿಯಲ್ಲಿ ವಚನದ ಪಾಠ ಮುಗಿದ ಮೇಲೆ, ‘ಈ ಪಾಠಕ್ಕೂ ನಿಮ್ಮ ಮುಂದಿನ ವೃತ್ತಿಗೂ ಏನು ಸಂಬಂಧ? ಒಂದು ಪುಟ ಬರೆಯಿರಿ’ ಎಂದು ಹೇಳಿ ನೋಡಿ. ಹಾಳೆಗಳ ಕಟ್ಟು ಬರುತ್ತದೆ, ಬಹುಪಾಲು ಹಾಳೆಗಳಲ್ಲಿ ಇರುವುದು ಒಂದೇ ಮಾತು: ‘ಬಸವಣ್ಣನವರು ಕಾಯಕವೇ ಕೈಲಾಸ ಎಂದರು, ಆದ್ದರಿಂದ ನಾವು ಪ್ರಾಮಾಣಿಕವಾಗಿ ದುಡಿಯಬೇಕು.’ ಇಷ್ಟು ಬರೆಯಲು ವಚನ ಓದಬೇಕಾಗಿರಲಿಲ್ಲ, ಒಂದು ಅಂಗಡಿಯ ಲೆಕ್ಕದ ಪುಸ್ತಕ ತೆರೆಯಬೇಕಾಗಿಯೂ ಇರಲಿಲ್ಲ. ಅಂದಹಾಗೆ, ‘ಕಾಯಕವೇ ಕೈಲಾಸ’ ಎಂಬ ಮಾತು ಕಾಣುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಯಾರು ಹೇಳಿದ್ದು, ಯಾವ ಕೆಲಸ ಮಾಡುತ್ತ ಹೇಳಿದ್ದು ಎಂದು ನೋಡುವ ಮೊದಲೇ ನೀತಿಯನ್ನು ಕಿತ್ತುಕೊಂಡರೆ ಆಗುವ ನಷ್ಟ ಇಲ್ಲಿಂದಲೇ ಶುರು.

ಹಾಗಾದರೆ ಆ ಮಾರಯ್ಯನ ಮನೆಗೇ ಹೋಗೋಣ. 12ನೇ ಶತಮಾನದ ಕಲ್ಯಾಣ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ, ಅದರಿಂದಲೇ ದಾಸೋಹ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಹೆಂಡತಿ ಲಕ್ಕಮ್ಮ ನೋಡುತ್ತಾಳೆ, ‘ಈಸಕ್ಕಿಯಾಸೆ ನಿಮಗೇಕೆ?’ (ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ?) ಎನ್ನುತ್ತಾಳೆ, ಹೆಚ್ಚಾದದ್ದನ್ನು ಇದ್ದಲ್ಲಿಗೇ ಸುರಿದು ಬರಲು ಕಳಿಸುತ್ತಾಳೆ. ಇದರ ವಸ್ತು ‘ಪ್ರಾಮಾಣಿಕತೆ’ ಎಂದು ಬರೆದರೆ ಕಥೆ ಸತ್ತಿತು. ಮಾರಯ್ಯ ಕಳ್ಳನಲ್ಲ, ನೆಲಕ್ಕೆ ಬಿದ್ದದ್ದನ್ನೇ ಆಯ್ದಿದ್ದಾನೆ. ನಡೆದದ್ದೇನು? ಒಬ್ಬ ತಂದ, ಇನ್ನೊಬ್ಬಳು ನೋಡಿದಳು. ತಂದವನ ಕಣ್ಣಿಗೆ ಕಾಣದ ಹೆಚ್ಚಳ ನೋಡಿದವಳ ಕಣ್ಣಿಗೆ ಕಂಡಿತು.

ಲೆಕ್ಕಪತ್ರದವರಿಗೆ ಇದು ಗೊತ್ತಿರುವ ಸಂಗತಿ. ಸರಕು ಬರಮಾಡಿಕೊಳ್ಳುವವನೇ ಅದನ್ನು ಎಣಿಸಿ ಪುಸ್ತಕಕ್ಕೂ ಏರಿಸಬಾರದು, ಆ ಎರಡು ಕೆಲಸ ಎರಡು ಕೈಯಲ್ಲಿರಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಬ್ಯಾಂಕಿನ ಕೌಂಟರಿನಲ್ಲಿ ಸಂಜೆ ನಗದು ಕಡಿಮೆ ಬಿದ್ದರೆ ಎಲ್ಲರಿಗೂ ಗಾಬರಿ, ಹೆಚ್ಚು ಬಂದರೆ ಹೊಸಬರಿಗೆ ಸಮಾಧಾನ. ಅನುಭವಿ ಕ್ಯಾಷಿಯರಿಗೆ ಹೆಚ್ಚು ಬಂದದ್ದೂ ಅಷ್ಟೇ ತಲೆನೋವು, ಏಕೆಂದರೆ ಅದು ಯಾರದೋ ಗ್ರಾಹಕರ ಹಣ. ಅದನ್ನು ಡ್ರಾಯರಿನಲ್ಲಿ ‘ನಾಳೆಗಿರಲಿ’ ಎಂದು ಇಟ್ಟುಕೊಳ್ಳುವಂತಿಲ್ಲ. ಅಂದೇ ಪುಸ್ತಕದಲ್ಲಿ ತೋರಿಸಿ ಸಸ್ಪೆನ್ಸ್ ಖಾತೆಗೆ (ಯಾರದೆಂದು ತಿಳಿಯುವವರೆಗೆ ಹಣ ಇಡುವ ತಾತ್ಕಾಲಿಕ ಖಾತೆ) ಹಾಕಿ ಮೂಲ ಹುಡುಕಬೇಕು. ಲಕ್ಕಮ್ಮ ಕೇಳಿದ್ದು ಕೊರತೆಯ ಲೆಕ್ಕವನ್ನಲ್ಲ, ಹೆಚ್ಚಳದ ಲೆಕ್ಕವನ್ನು. ಬಿ.ಕಾಂ. ವಿದ್ಯಾರ್ಥಿ ಈ ವಾಕ್ಯದವರೆಗೆ ತಾನಾಗಿ ಬಂದರೆ ಪಾಠ ಅರ್ಧ ಗೆದ್ದಂತೆ.

ಲಕ್ಕಮ್ಮನ ಅದೇ ವಚನ ಬಿ.ಸಿ.ಎ. ತರಗತಿಯಲ್ಲಿ ಬೇರೆ ಪ್ರಶ್ನೆ ಹುಟ್ಟಿಸುತ್ತದೆ. ಅಂದಂದಿಗೆ ಬೇಕಾದಷ್ಟೇ ತರಬೇಕು ಎಂಬ ಹಟವನ್ನು ಆ್ಯಪ್ ಬರೆಯುವವರ ಮುಂದಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಕಲಮಿನಲ್ಲಿ ಒಂದು ಉದಾಹರಣೆಯಿದೆ: ದೂರವೈದ್ಯಕೀಯ ಆ್ಯಪ್ ಒಂದು ಚಿಕಿತ್ಸೆಯ ಜೊತೆಗೆ ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಗೂ ಒಪ್ಪಿಗೆ ಕೇಳುತ್ತದೆ. ಬಳಕೆದಾರರು ಎರಡಕ್ಕೂ ಹೂಂ ಎಂದರೂ ಆ ಪಟ್ಟಿ ಚಿಕಿತ್ಸೆಗೆ ಬೇಕಿಲ್ಲ, ಹಾಗಾಗಿ ಒಪ್ಪಿಗೆ ಚಿಕಿತ್ಸೆಗೆ ಬೇಕಾದ ಮಾಹಿತಿಗಷ್ಟೇ ಸಲ್ಲುತ್ತದೆ. ಅಂಗಳದಲ್ಲಿ ಬಿದ್ದಿದೆ ಎಂದ ಮಾತ್ರಕ್ಕೆ ಆಯ್ದುಕೊಳ್ಳಬಹುದೇ? ಒಂದೇ ಪಠ್ಯ, ಎರಡು ಕೋರ್ಸು, ಎರಡು ಪ್ರಶ್ನೆ. ಹೀಗಾಗಿ ಪ್ರತಿ ಕೋರ್ಸಿಗೂ ಬೇರೆ ಪಠ್ಯ ಹುಡುಕುವ ಶ್ರಮ ಬೇಡ, ವಾಣಿಜ್ಯಕ್ಕೆ ಹಣದ ಕಥೆ, ಕೃಷಿಗೆ ಹೊಲದ ಪದ್ಯ ಎಂದು ಹಂಚುವ ಪದ್ಧತಿಯೂ ಬೇಡ. ಮೇಲ್ನೋಟದ ಹೋಲಿಕೆ ಮೋಸಮಾಡುವುದೇ ಹೆಚ್ಚು.

ಕೆಲಸ ಮಾಡುವ ಕ್ರಮ ಹೀಗಿರಲಿ. ಮೊದಲ ಪೀರಿಯಡ್ಡಿನಲ್ಲಿ ವೃತ್ತಿಯ ಮಾತೇ ಎತ್ತಬೇಡಿ. ಒಂದು ವಚನ, ಇಲ್ಲವೇ ಕಾದಂಬರಿಯ ಎರಡು ಪುಟ, ಅದಕ್ಕಿಂತ ಹೆಚ್ಚು ಬೇಡ. ಎರಡು ಸಲ ಗಟ್ಟಿಯಾಗಿ ಓದಿಸಿ. ಎರಡನೆಯ ಪೀರಿಯಡ್ಡಿನಲ್ಲಿ ಕ್ರಿಯಾಪದಗಳನ್ನು ಮಾತ್ರ ಪಟ್ಟಿ ಮಾಡಿಸಿ: ತಂದ, ನೋಡಿದಳು, ಕೇಳಿದಳು, ಕಳಿಸಿದಳು. ಆಮೇಲೆ ಕವಲು ಹುಡುಕಿಸಿ, ಅಂದರೆ ಪಾತ್ರ ಬೇರೆ ರೀತಿ ನಡೆಯಬಹುದಾಗಿದ್ದ ಜಾಗ. ಆ ಕವಲನ್ನು ಪ್ರಶ್ನೆಯಾಗಿ ಬರೆಸಿ, ನಾಮಪದವಾಗಿ ಬೇಡ. ‘ಪ್ರಾಮಾಣಿಕತೆ’, ‘ತ್ಯಾಗ’, ‘ಮಾನವೀಯತೆ’ ಇಂಥ ಒಂಟಿ ಪದ ಬಂದರೆ ಹಾಳೆ ವಾಪಸ್. ‘ಹೆಚ್ಚು ಬಂದದ್ದನ್ನು ತಂದವನೇ ಅಳೆಯಬೇಕೇ, ಬೇರೆಯವರೇ?’ ಎಂಬಂಥ ಪ್ರಶ್ನೆ ಬಂದರೆ ಮುಂದಕ್ಕೆ. ಮೂರನೆಯ ಪೀರಿಯಡ್ಡಿಗೆ ಆ ಕಸುಬಿನ ಒಂದು ಖಾಲಿ ಕಾಗದ ತರಿಸಿ: ವೋಚರ್, ಸಾಲದ ಅರ್ಜಿ, ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಬರೆಯುವ ಪುಸ್ತಕದ ನಮೂನೆ. ಕವಲಿನ ಪ್ರಶ್ನೆ ಆ ಕಾಗದದ ಯಾವ ಕಾಲಮ್ಮಿನಲ್ಲಿ ಬಂದು ಕೂರುತ್ತದೆ ಎಂದು ತೋರಿಸಲು ಹೇಳಿ.

ಈ ಖಾಲಿ ಕಾಗದದ ಹೆಜ್ಜೆಯನ್ನು ಬಿಡಲೇಬಾರದು. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ತೆಗೆದುಕೊಳ್ಳಿ. ಚೋಮನಿಗೆ ಎತ್ತುಗಳಿವೆ, ಮೈಯಲ್ಲಿ ದುಡಿಮೆಯಿದೆ, ಬೇಸಾಯ ಮಾಡಬೇಕೆಂಬ ಆಸೆಯಿದೆ. ದಲಿತನಾದ್ದರಿಂದ ಭೂಮಿ ಮಾತ್ರ ಸಿಗುವುದಿಲ್ಲ. ಕಾಫಿ ತೋಟದ ಸಾಲ ತೀರಿಸಲು ಮಕ್ಕಳು ಹೋಗಬೇಕಾಗುತ್ತದೆ. ‘ಜಾತಿ ಶೋಷಣೆ’ ಎಂದು ಬರೆದರೆ ಸರಿಯೇ, ಆದರೆ ಅಲ್ಲಿಗೇ ನಿಂತುಬಿಡುತ್ತದೆ. ಬದಲಿಗೆ ಗ್ರಾಮೀಣ ಬ್ಯಾಂಕಿನ ಕೆಲಸಕ್ಕೆ ತಯಾರಾಗುತ್ತಿರುವ ವಿದ್ಯಾರ್ಥಿಗೆ ಚೋಮನ ಹೆಸರಿನಲ್ಲಿ ಬೆಳೆಸಾಲದ ಅರ್ಜಿ ತುಂಬಲು ಕೊಡಿ. ಹೆಸರು ತುಂಬುತ್ತದೆ. ಕಸುಬು ಎಂಬಲ್ಲಿ ಪೆನ್ನು ತಡವರಿಸುತ್ತದೆ. ಸರ್ವೆ ನಂಬರು, ಪಹಣಿ, ಜಾಮೀನು ಎಲ್ಲ ಖಾಲಿ. ಖಾಲಿ ಕಾಲಮ್ಮುಗಳನ್ನು ನೋಡಿದ ಮೇಲೆ ಚೋಮ ಬಾರಿಸುವ ಆ ದುಡಿಯ ಸದ್ದು ಬೇರೆ ಥರ ಕೇಳಿಸುತ್ತದೆ.

ಇಲ್ಲಿಗೇ ಬಿಡದೆ ಇವತ್ತಿನ ಲೆಕ್ಕಕ್ಕೆ ಬನ್ನಿ. ನಿಯಮದ ಪ್ರಕಾರ ಕಿಸಾನ್ ಕ್ರೆಡಿಟ್ ಕಾರ್ಡಿಗೆ ಗೇಣಿದಾರರು, ಬಾಯಿಮಾತಿನ ಗುತ್ತಿಗೆಯವರು, ಪಾಲುಗಾರರು ಎಲ್ಲರೂ ಅರ್ಹರು. 4ರಿಂದ 10 ಜನ ಸೇರಿ ಜಂಟಿ ಹೊಣೆಗಾರಿಕೆ ಗುಂಪು ಮಾಡಿಕೊಂಡರೆ ಒಬ್ಬರಿಗೊಬ್ಬರು ಹೊಣೆಯಾಗಿ ಸಾಲ ಪಡೆಯುವ ದಾರಿಯೂ ಇದೆ. ಆದರೂ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಕರ್ನಾಟಕದ ಭೂಸುಧಾರಣಾ ಕಾನೂನು, ಸೈನಿಕರಂಥ ಕೆಲವರಿಗೆ ಬಿಟ್ಟರೆ, ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನೇ ಒಪ್ಪುವುದಿಲ್ಲ. ಅದಕ್ಕೇ ಭೂಮಾಲೀಕ ಗುತ್ತಿಗೆಯನ್ನು ಬರೆದು ಕೊಡಲು ಹೆದರುತ್ತಾನೆ, ಬರಹವಿಲ್ಲದೆ ಬ್ಯಾಂಕಿನವರು ಮುಂದುವರಿಯಲು ಹಿಂಜರಿಯುತ್ತಾರೆ. ಉಳುವವನನ್ನು ಕಾಪಾಡಲು ಬಂದ ಕಾನೂನೇ ಇಂದಿನ ಉಳುವವನ ಕಾಗದವನ್ನು ಖಾಲಿ ಬಿಟ್ಟಿದೆ. ವಿದ್ಯಾರ್ಥಿ ಇದನ್ನು ಕಂಡುಕೊಂಡಾಗ ಸಿಟ್ಟಾಗುತ್ತಾನೆ. ಆಗಲಿ, ಆ ಸಿಟ್ಟು ಉತ್ತರದಲ್ಲಿ ಉಳಿಯಲಿ.

ನರ್ಸಿಂಗ್ ವಿದ್ಯಾರ್ಥಿಗಳಿಗೆ ತ್ರಿವೇಣಿಯವರ ‘ಶರಪಂಜರ’ ಸಾಮಾನ್ಯವಾಗಿ ಸೂಚಿಸುವ ಕೃತಿ, ಆದರೆ ಓದಿಸುವ ಭಾಗ ತಪ್ಪಾಗಿರುತ್ತದೆ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುವ ಭಾಗವನ್ನು ಓದಿಸಿ, ‘ರೋಗಿಗಳನ್ನು ಕರುಣೆಯಿಂದ ನೋಡಬೇಕು’ ಎಂದು ಬರೆಸುತ್ತಾರೆ. ಕಾದಂಬರಿಯ ಕಡುಕಷ್ಟ ಇರುವುದು ಅದಾದ ಮೇಲೆ. ಆಕೆ ವಾಸಿಯಾಗಿ ಮನೆಗೆ ಬಂದಿದ್ದಾಳೆ. ನಕ್ಕರೆ ಅನುಮಾನ, ಅತ್ತರೆ ಅನುಮಾನ, ಕೇಳಬೇಕಾದ ಪ್ರಶ್ನೆ ಕೇಳಿದರೂ ‘ಮತ್ತೆ ಶುರುವಾಯಿತು’ ಎಂಬ ನೋಟ. ಕವಲು ಇಲ್ಲಿದೆ: ಡಿಸ್ಚಾರ್ಜ್ ಆದ ಮೇಲೆ ಚಿಕಿತ್ಸೆ ಯಾರಿಗೆ, ಹೆಂಗಸಿಗೋ ಮನೆಯವರಿಗೋ?

ನಮ್ಮಲ್ಲಿ ‘ಬಾಣಂತಿ ಸನ್ನಿ’ ಎನ್ನುವ ಈ ಕಾಯಿಲೆ ಸಾವಿರ ಹೆರಿಗೆಗೆ ಒಂದೆರಡರಲ್ಲಿ ಬರುವಂಥದ್ದು, ಹೆಚ್ಚಾಗಿ ಮೊದಲ ಎರಡು ವಾರದೊಳಗೆ. ಇದು ತುರ್ತು ಸ್ಥಿತಿ. ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಅನೇಕರಲ್ಲಿ ಕಾಣುವ ಅಳು, ಬೇಸರ ಬೇರೆ, ಅದು ತಾನಾಗಿ ಇಳಿಯುತ್ತದೆ. ಎರಡನ್ನೂ ಒಂದೇ ಎಂದು ಬರೆದ ವಿದ್ಯಾರ್ಥಿನಿಗೆ ಸಾಹಿತ್ಯದ ಅಂಕ ಕೊಡುವ ಮುನ್ನ ಅವಳ ವಿಷಯದ ಅಧ್ಯಾಪಕರಿಂದ ತಿದ್ದಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗಿರುವ ವಿಭಾಗವೇ ಇದೆ. ಈ ಕಾನೂನಿಗೆ ದಶಕಗಳ ಮೊದಲು ಬರೆದ ಕಾದಂಬರಿಯಲ್ಲಿ ಡಿಸ್ಚಾರ್ಜ್ ಕಾಗದದ ಯಾವ ಸಾಲು ಬಿಟ್ಟುಹೋಗಿತ್ತು? ಮನೆಯವರಿಗೆ ಹೇಳಬೇಕಾದ ಐದು ಮಾತುಗಳನ್ನು, ಬಾಣಂತನ ಮಾಡುವ ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಸಿ. ವೈದ್ಯಕೀಯ ಪದ ಒಂದೂ ಬೇಡ ಎಂದು ಷರತ್ತು ಹಾಕಿ, ಆಗ ಭಾಷೆಯ ಪಾಠವೂ ಆಗುತ್ತದೆ.

ಕಂಪನಿ ಕೆಲಸಕ್ಕೆ ಹೋಗುವವರಿಗೆ ಯಶವಂತ ಚಿತ್ತಾಲರ ‘ಶಿಕಾರಿ’ ಸಾಕು. ಚಿತ್ತಾಲರು ಮುಂಬೈಯ ಪ್ಲಾಸ್ಟಿಕ್ ಉದ್ಯಮದ ಒಳಗಿದ್ದವರು, ಹಾಗಾಗಿ ಅಲ್ಲಿಯ ಆಫೀಸು ಊಹೆಯದಲ್ಲ. ಆರೋಪವೇನೆಂದು ತಿಳಿಯದೆಯೇ ವಿಚಾರಣೆಗೆ ಗುರಿಯಾಗುವ ನಾಗಪ್ಪನನ್ನು ಮುಂದಿಟ್ಟು, ಆರೋಪಪತ್ರದಲ್ಲಿ ಏನೇನಿರಬೇಕು ಎಂದು ಕೇಳಿದರೆ ಮಾನವ ಸಂಪನ್ಮೂಲದ ಅರ್ಧ ಪಾಠ ಅಲ್ಲೇ ಇದೆ. ವಿಜ್ಞಾನದವರಿಗೆ ತೇಜಸ್ವಿಯವರ ‘ಕರ್ವಾಲೊ’: ಓದಿಲ್ಲದ ಮಂದಣ್ಣನ ಕಣ್ಣಿಗೆ ಬಿದ್ದದ್ದು ವಿಜ್ಞಾನಿಗೆ ಬೇಕಾಗುತ್ತದೆ. ಹಾಗಾದರೆ ಸಂಶೋಧನಾ ಲೇಖನದಲ್ಲಿ ಮಂದಣ್ಣನ ಹೆಸರು ಎಲ್ಲಿ ಬರಬೇಕು, ಲೇಖಕರ ಸಾಲಿನಲ್ಲೋ ಕೃತಜ್ಞತೆಯ ಕೊನೆಯಲ್ಲೋ? ಈ ಒಂದು ಪ್ರಶ್ನೆಗೆ ಇಡೀ ತರಗತಿ ಎರಡು ಪಾಳಯವಾಗುತ್ತದೆ.

ಮೂರನೆಯ ಪೀರಿಯಡ್ಡು ಆದ ಮೇಲೆ ಹತ್ತು ದಿನ ಬಿಡುವು ಕೊಡಿ. ಆ ಕೆಲಸದಲ್ಲಿರುವ ಒಬ್ಬರೊಂದಿಗೆ 20 ನಿಮಿಷ ಮಾತು, ಐದೇ ಪ್ರಶ್ನೆ. ಎಡವುವುದು ಇಲ್ಲೇ. ‘ನಿಮ್ಮ ವೃತ್ತಿಯಲ್ಲಿ ಪ್ರಾಮಾಣಿಕತೆ ಎಷ್ಟು ಮುಖ್ಯ?’ ಎಂದು ಕೇಳಿದರೆ ‘ತುಂಬಾ ಮುಖ್ಯ’ ಎಂಬುದರ ಹೊರತು ಬೇರೆ ಉತ್ತರ ಯಾರು ಕೊಟ್ಟಾರು? ‘ಕಳೆದ ಸಲ ಲೆಕ್ಕದಲ್ಲಿ ಹೆಚ್ಚು ಬಂದಾಗ ಮೊದಲು ಯಾರಿಗೆ ಹೇಳಿದಿರಿ, ಎಲ್ಲಿ ಬರೆದಿರಿ?’ ಎಂದು ಕೇಳಬೇಕು. ಕಥೆಯನ್ನು ಮೊದಲೇ ಹೇಳಬಾರದು. ನಾಲ್ಕು ಪ್ರಶ್ನೆ ಮುಗಿದ ಮೇಲೆ ಕಥೆ ಹೇಳಿ, ‘ನಿಮ್ಮಲ್ಲಿ ಹೀಗಾದರೆ?’ ಎಂಬುದು ಐದನೆಯದು. ಮೊದಲೇ ಹೇಳಿದರೆ ಎದುರಿನವರು ಕಥೆಗೆ ಒಪ್ಪುವ ಉತ್ತರವನ್ನೇ ಕೊಡುತ್ತಾರೆ. ರೋಗಿಯ, ಗ್ರಾಹಕರ ಹೆಸರು ಹಾಳೆಯಲ್ಲಿ ಬರಕೂಡದು.

ಬರವಣಿಗೆ 600 ಪದ: ಪಠ್ಯಕ್ಕೆ 250, ಕೆಲಸದ ವಿವರಕ್ಕೆ 200, ಉಳಿದ 150 ‘ಹೊಂದದ ಜಾಗ’ಕ್ಕೆ. ಈ ಕೊನೆಯ ಭಾಗವನ್ನು ವಿದ್ಯಾರ್ಥಿಗಳು ಬಿಡಲು ನೋಡುತ್ತಾರೆ, ಬಿಡಲು ಕೊಡಬೇಡಿ. ಲಕ್ಕಮ್ಮ ಆಡಿಟರ್ ಅಲ್ಲ. ಬ್ಯಾಂಕಿನ ನಿಯಮ ನಡೆಯುವುದು ತನಿಖೆಯ ಭಯದಿಂದ. ಲಕ್ಕಮ್ಮನಿಗೆ ಮುಖ್ಯವಾದದ್ದು ಆಸೆ ಮತ್ತು ಶಿವನ ನಡುವಿನ ದೂರ. ಆಕೆಯ ಮಾತನ್ನು ಇಡಿಯಾಗಿ ಕೌಂಟರಿಗೆ ತಂದರೆ ಬ್ಯಾಂಕು ನಡೆಯುವುದೇ ಇಲ್ಲ, ಬಡ್ಡಿಗೆ ಆಸೆಪಟ್ಟೇ ತಾನೇ ಠೇವಣಿ ಬರುವುದು! ಈ ತಕರಾರನ್ನು ಬರೆದ ಹಾಳೆ ಸಿಕ್ಕರೆ ಅದನ್ನೇ ತರಗತಿಯಲ್ಲಿ ಓದಿಸಿ.

20 ಅಂಕವಿದ್ದರೆ ಪಠ್ಯದ ಓದಿಗೆ 8, ಕೆಲಸದ ವಿವರಕ್ಕೆ 6, ಹೊಂದದ ಜಾಗಕ್ಕೆ 4, ಭಾಷೆಗೆ 2. ಭಾಷೆಗೆ ಎರಡೇ ಎಂದು ಕನ್ನಡ ಅಧ್ಯಾಪಕರಿಗೆ ಇರುಸುಮುರುಸಾಗಬಹುದು. ಹೆಚ್ಚಿಸಿದರೆ ಮತ್ತೆ ಹಳೆಯ ಗೈಡಿನ ವಾಕ್ಯಗಳೇ ಬರುತ್ತವೆ. ನಕಲಿಗೆ ತಡೆ ಆ ಖಾಲಿ ಕಾಗದವೇ. ಕೈಯಲ್ಲಿ ತುಂಬಿದ ಅರ್ಜಿಯನ್ನು ಉತ್ತರದ ಜೊತೆ ಪಿನ್ ಮಾಡಿಸಿ, ಎರಡೂ ತಾಳೆಯಾಗದಿದ್ದರೆ ಕರೆದು ಎರಡು ನಿಮಿಷ ಮಾತಾಡಿಸಿದರೆ ಸಾಕು.

ಯಾವ ಕೆಲಸಕ್ಕೆ ಹೋಗುತ್ತೇನೋ ಗೊತ್ತಿಲ್ಲ ಎನ್ನುವ ವಿದ್ಯಾರ್ಥಿಗಳೂ ಇರುತ್ತಾರೆ. ಅವರನ್ನು ಒತ್ತಾಯಿಸಿ ಒಂದು ಹುದ್ದೆ ಆರಿಸುವಂತೆ ಮಾಡಬೇಡಿ. ಮನೆಯಲ್ಲಿ ಯಾರೋ ಮಾಡುತ್ತಿರುವ ಕೆಲಸ ತೆಗೆದುಕೊಳ್ಳಲಿ: ಹಾಲಿನ ಡೇರಿಯಲ್ಲಿ ಕೊಬ್ಬಿನಂಶ ಬರೆಯುವ ಪುಸ್ತಕ, ದಿನಸಿ ಅಂಗಡಿಯ ಉದ್ರಿ ಪುಸ್ತಕ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಗಂಟೆಗೆ ಇಷ್ಟು ಪೀಸು ಎಂದು ಬರೆಯುವ ಬೋರ್ಡು. ಅಮ್ಮನ ಆ ಬೋರ್ಡಿನ ಪಕ್ಕದಲ್ಲಿ ಲಕ್ಕಮ್ಮನ ‘ಈಸಕ್ಕಿ’ಯನ್ನು ಇಟ್ಟು ನೋಡಿದ ವಿದ್ಯಾರ್ಥಿನಿಗೆ ಪ್ರಶ್ನೆ ತಿರುಗಿ ನಿಲ್ಲುತ್ತದೆ: ಇಲ್ಲಿ ಹೆಚ್ಚು ಬೇಕು ಎನ್ನುತ್ತಿರುವವರು ಯಾರು, ಅಳೆಯುತ್ತಿರುವವರು ಯಾರು?